ಬೈಲಿಗೂ ಒಂದು ಬಣ್ಣ ಬೇಕು

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರು ದಯವಿಟ್ಟು ಸ್ವಲ್ಪ ಮುಂದೆ ಬನ್ನಿ, ಗೋಡೆಗೆ ಹಾಕಿದ ನಕ್ಷೆ ಅಲ್ಲಿಂದ ಸರಿಯಾಗಿ ಕಾಣುವುದಿಲ್ಲ. ಇನ್ನೊಂದು ವಿಷಯ, ಈ ಗ್ಲಾಸಿನ ನೀರಿಗೆ ಒಂದು ಒಣ ಮಣ್ಣಿನ ಉಂಡೆ ಹಾಕುತ್ತಿದ್ದೇನೆ. ಅದು ಇಲ್ಲೇ ಮೇಜಿನ ಮೇಲೆ ಇರಲಿ, ಆಮೇಲೆ ನೋಡೋಣ.

ಇದು ನಮ್ಮ ಮಂಗಳೂರಿನ ಮಹಾಯೋಜನೆಯ ನಕ್ಷೆ. ಮಾಸ್ಟರ್ ಪ್ಲಾನ್ ಅಂತ ಹೇಳ್ತೇವಲ್ಲ, ಅದೇ. 2021ರವರೆಗೆ ಊರು ಹೇಗೆ ಬೆಳೆಯಬೇಕು ಅಂತ ಲೆಕ್ಕ ಹಾಕಿ ಮಾಡಿದ್ದು. ಹಳದಿ ಇರುವಲ್ಲಿ ಮನೆ. ನೀಲಿ ಇರುವಲ್ಲಿ ಅಂಗಡಿ, ವ್ಯಾಪಾರ. ನೇರಳೆ ಅಂದರೆ ಕೈಗಾರಿಕೆ, ಹಸಿರು ಅಂದರೆ ಪಾರ್ಕು, ಮೈದಾನ. ನಾನು ಸಿವಿಲ್ ಎಂಜಿನಿಯರ್, 22 ವರ್ಷದಿಂದ ಇದೇ ಊರಿನಲ್ಲಿ ಮನೆಗಳ ಪ್ಲಾನ್ ಮಾಡಿಕೊಂಡು ಬಂದವನು. ಯಾರಾದರೂ ಬಂದು ಐದು ಸೆಂಟ್ಸ್ ಜಾಗ ಇದೆ, ಮನೆ ಕಟ್ಟಬೇಕು ಅಂದರೆ ನಾನು ಮೊದಲು ನೋಡುವುದು ಆ ಜಾಗದ ಬಣ್ಣ. ಹಳದಿ ಇದ್ದರೆ ಸೆಟ್‌ಬ್ಯಾಕ್, ಅಂದರೆ ಮನೆಯ ಸುತ್ತ ಬಿಡಬೇಕಾದ ಜಾಗ ಎಷ್ಟು, ಎಷ್ಟು ಮಹಡಿ ಅಂತ ಮುಂದೆ ಹೋಗುವುದು. ಮಳೆಗಾಲದಲ್ಲಿ ಆ ಜಾಗಕ್ಕೆ ಎಲ್ಲಿಂದ ನೀರು ಬರುತ್ತದೆ, ಬಂದದ್ದು ಎಲ್ಲಿಗೆ ಹೋಗುತ್ತದೆ ಅಂತ ಬಣ್ಣ ಹೇಳುವುದಿಲ್ಲ. ನಾನೂ ಬಹಳ ವರ್ಷ ಕೇಳಲಿಲ್ಲ.

ಆದರೆ ನಮ್ಮ ಹಿರಿಯರು ಅದನ್ನೇ ಮೊದಲು ಕೇಳುತ್ತಿದ್ದರು. ನಮ್ಮ ಊರುಗಳ ಹೆಸರು ನೋಡಿ. ಕೊಡಿಯಾಲಬೈಲು, ದೇರೆಬೈಲು. ಬೈಲು ಅಂದರೆ ತಗ್ಗಿನ ಗದ್ದೆ, ನೀರು ಬಂದು ಕೂರುವ ಜಾಗ. ಪದವಿನಂಗಡಿಯ ಪದವು ಅಂದರೆ ಎತ್ತರದ ಸಮತಟ್ಟು ಜಾಗ. ಮಣ್ಣಗುಡ್ಡೆಯಲ್ಲಿ ಗುಡ್ಡ ಇದೆ. ಉಡುಪಿಗೆ ಹೋದರೆ ಕಲ್ಸಂಕ, ಅಂದರೆ ತೋಡು ದಾಟಲು ಹಾಕಿದ ಕಲ್ಲಿನ ಸಂಕ. ತೋಡು ಅಂದರೆ ನೀರು ಹರಿದು ಹೋಗುವ ಸಣ್ಣ ಹಳ್ಳ, ಸಂಕ ಅಂದರೆ ಸೇತುವೆ. ಮಣಿಪಾಲದ ಮಣ್ಣಪಳ್ಳದಲ್ಲಿ ನೀರು ನಿಲ್ಲುವ ಪಳ್ಳವೇ ಇದೆ. ಗದ್ದೆಯಲ್ಲೂ ಮೂರು ಜಾತಿ ಇತ್ತು, ಬೈಲು, ಮಜಲು, ಬೆಟ್ಟು. ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಅಂತ ಮೂರು ಬೆಳೆ ತೆಗೆಯಬಹುದು, ಏಕೆಂದರೆ ಬೇಸಗೆಯವರೆಗೂ ಅಲ್ಲಿ ನೀರು ಇರುತ್ತಿತ್ತು. ಬೆಟ್ಟಿನಲ್ಲಿ ಮಳೆ ನೀರಿನ ಒಂದೇ ಬೆಳೆ. ಮನೆ ಕಟ್ಟುವುದು ಗದ್ದೆಯ ಬದಿಯಲ್ಲಿ, ಸ್ವಲ್ಪ ಎತ್ತರದಲ್ಲಿ. ಬೈಲಿನ ನಡುವೆ ಯಾರೂ ಕಟ್ಟುತ್ತಿರಲಿಲ್ಲ. ನೀರಿನ ಲೆಕ್ಕದಲ್ಲಿ ಮಾಡಿದ ಮಹಾಯೋಜನೆ ಅದು, ಕಾಗದದಲ್ಲಿ ಇರಲಿಲ್ಲ ಅಷ್ಟೇ.

ಈಗ ಒಂದು ಕಥೆ ಹೇಳುತ್ತೇನೆ, ನನ್ನದೇ ಕೆಲಸದ್ದು.

ಒಂದು ಕುಟುಂಬಕ್ಕೆ ಮನೆ ಪ್ಲಾನ್ ಮಾಡಿಕೊಟ್ಟಿದ್ದೆ. ಜಾಗ ಮೊದಲು ಗದ್ದೆ. ಮನೆ ಕಟ್ಟಲು ಕನ್ವರ್ಷನ್, ಅಂದರೆ ಭೂಪರಿವರ್ತನೆ ಆಗಿತ್ತು, ಬಣ್ಣ ಹಳದಿ, ಕಾಗದಪತ್ರ ಎಲ್ಲ ಸರಿ. ಟಿಪ್ಪರಿನಲ್ಲಿ ಕೆಂಪುಮಣ್ಣು ತಂದು ನಾಲ್ಕು ಅಡಿ ತುಂಬಿಸಿದೆವು. ಅದರ ಮೇಲೆ ಎರಡು ಅಡಿ ಪಂಚಾಂಗ, ಅಂದರೆ ಅಡಿಪಾಯದ ಕಟ್ಟೆ, ಸುತ್ತ ಕಾಂಪೌಂಡ್, ಅಂಗಳಕ್ಕೆ ಇಂಟರ್‌ಲಾಕ್. ಒಳ್ಳೆಯ ಮನೆ, ಈಗಲೂ ಗಟ್ಟಿಯಾಗಿದೆ. 2018ರ ಮೇ 29ರಂದು, ಮಳೆಗಾಲಕ್ಕೆ ಮೊದಲು ಬರುವ ತುಳುವರ ಪತ್ತನಾಜೆ ದಿನ ಕಳೆದು ಇನ್ನೂ ವಾರ ಆಗಿರಲಿಲ್ಲ, ಮಂಗಳೂರಿನಲ್ಲಿ ಬೆಳಿಗ್ಗೆಯಿಂದ ಸುರಿದ ಮಳೆ ನಿಮಗೆಲ್ಲ ನೆನಪಿರಬಹುದು. ಕೊಟ್ಟಾರ ಚೌಕಿ, ಪಂಪ್‌ವೆಲ್, ಅಳಕೆ ಎಲ್ಲ ಹೊಳೆಯ ಹಾಗೆ ಆಯಿತು. ಮರುದಿನ ನಾನು ಆ ಮನೆಗೆ ಓಡಿದೆ. ಒಳಗೆ ಒಂದು ಹನಿ ನೀರು ಬಂದಿರಲಿಲ್ಲ. ಸಮಾಧಾನದಿಂದ ಹೊರಗೆ ಬರುವಾಗ ಪಕ್ಕದ ಹಂಚಿನ ಮನೆಯ ಅಮ್ಮ ಕರೆದರು. ಅವರ ಅಡುಗೆಕೋಣೆಯಲ್ಲಿ ಕಡೆಯುವ ಕಲ್ಲಿನ ಅರ್ಧದವರೆಗೆ ಕೆಸರಿನ ಗೆರೆ. ಕುಚ್ಚಲಕ್ಕಿಯ ಡ್ರಮ್ಮಿಗೆ ನೀರು ಹೊಕ್ಕಿ ಅಕ್ಕಿ ಉಬ್ಬಿ ಹುಳಿ ವಾಸನೆ ಬರುತ್ತಿತ್ತು. ಗ್ಯಾಸ್ ಸಿಲಿಂಡರ್ ತೇಲಿಕೊಂಡು ಹೋಗಿ ಬಾಗಿಲಿಗೆ ಅಡ್ಡ ಬಿದ್ದಿತ್ತು. ಅವರು ಜಗಳ ಮಾಡಲಿಲ್ಲ. "ಮಾರಾಯ್ರೇ, ಈ ನೀರು ಮೊದಲು ಆ ಗದ್ದೆಯಲ್ಲಿ ನಿಲ್ತಿತ್ತು. ಈಗ ಅದು ಎಲ್ಲಿಗೆ ಹೋಗಬೇಕು?" ಅಂತ ಕೇಳಿದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ಪ್ಲಾನಿನಲ್ಲಿ ಒಂದೇ ಒಂದು ನಿಯಮ ತಪ್ಪಿರಲಿಲ್ಲ. ಎಲ್ಲ ನಿಯಮ ಪಾಲಿಸಿ ಕಟ್ಟಿದ ಮನೆಯಿಂದ ಪಕ್ಕದ ಮನೆ ಮುಳುಗಿದ್ದರೆ, ನಿಯಮದಲ್ಲೇ ಏನೋ ಬಿಟ್ಟುಹೋಗಿದೆ ಅಲ್ವಾ?

ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಎಕ್ರೆ, ಅಂದರೆ 100 ಸೆಂಟ್ಸ್ ಗದ್ದೆಯ ಮೇಲೆ 10 ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 4 ಲಕ್ಷ ಲೀಟರ್ ನೀರು. 10,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 40 ಟ್ಯಾಂಕರ್. ಗದ್ದೆಗೆ ಅರ್ಧ ಅಡಿ ಹುಣಿ, ಅಂದರೆ ಬದು ಇದ್ದರೆ ಇಷ್ಟೂ ನೀರು ಅಲ್ಲೇ ನಿಲ್ಲುತ್ತದೆ, ಸ್ವಲ್ಪ ಇಂಗುತ್ತದೆ, ಉಳಿದದ್ದು ನಿಧಾನವಾಗಿ ಒಂದು ಗದ್ದೆಯಿಂದ ಇನ್ನೊಂದಕ್ಕೆ ಇಳಿದು ತೋಡು ಸೇರುತ್ತದೆ. ಅದೇ ಜಾಗಕ್ಕೆ ಮಣ್ಣು ತುಂಬಿಸಿ ಕಾಂಕ್ರೀಟ್ ಹಾಕಿದರೆ 40 ಟ್ಯಾಂಕರ್ ನೀರು ಸ್ವಲ್ಪ ಹೊತ್ತಿನಲ್ಲೇ ತೋಡಿಗೆ ಬೀಳುತ್ತದೆ. ತೋಡು ಅಷ್ಟು ಅಗಲ ಇದೆಯಾ? ಎರಡೂ ಬದಿಯಿಂದ ಗೋಡೆ ಒತ್ತಿಕೊಂಡು ಬಂದಿದೆ, ಮೇಲೆ ಸ್ಲ್ಯಾಬ್ ಹಾಕಿದ್ದೇವೆ, ಒಳಗೆ ಪ್ಲಾಸ್ಟಿಕ್ ಕೂತಿದೆ. ಉಬ್ಬರದ ಹೊತ್ತಿಗೆ ಗಟ್ಟಿ ಮಳೆ ಬಂದರಂತೂ ಹೊಳೆಯೇ ತುಂಬಿರುವುದರಿಂದ ತೋಡಿನ ನೀರು ಇಳಿಯುವುದೇ ಇಲ್ಲ, ವಾಪಸ್ ಬರುತ್ತದೆ. ಸಮುದ್ರದ ಮಟ್ಟ ಏರಿದ ಹಾಗೆ ಈ ತೊಂದರೆ ಇನ್ನೂ ಜಾಸ್ತಿ ಆಗುತ್ತದೆ. ಪೇಪರಿನಲ್ಲಿ ಇದಕ್ಕೆ ಕೃತಕ ನೆರೆ ಅಂತ ಬರೆಯುತ್ತಾರೆ. ಸರಿಯಾದ ಹೆಸರು.

ಉಡುಪಿಯಲ್ಲೂ ಇದೇ. 2020ರ ಸೆಪ್ಟೆಂಬರ್ 20ರಂದು ಸ್ವರ್ಣಾ ಹೊಳೆ ಉಕ್ಕಿ ಬಂತು, ಪೇಟೆಯ ಒಳಗೆ ಕಲ್ಸಂಕದ ಹತ್ತಿರ ಇಂದ್ರಾಣಿ ತೋಡು ರಸ್ತೆಗೆ ಬಂತು, ಜನರನ್ನು ದೋಣಿಯಲ್ಲಿ ಸಾಗಿಸಬೇಕಾಯಿತು.

ಮಳೆ ಮೊದಲೂ ಬರುತ್ತಿತ್ತಲ್ಲ ಅಂತ ಕೆಲವರು ಕೇಳುತ್ತಾರೆ. ಬರುತ್ತಿತ್ತು. ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ, ಅದು ಹೊಸದಲ್ಲ. ಬರುವ ರೀತಿ ಬದಲಾಗುತ್ತಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಜಾಸ್ತಿ ನೀರಾವಿ ಹಿಡಿದುಕೊಳ್ಳುತ್ತದೆ, ಸುರಿಸುವಾಗ ಒಟ್ಟಿಗೇ ಸುರಿಸುತ್ತದೆ. ಅರಬ್ಬಿ ಸಮುದ್ರವೂ ಬಿಸಿಯಾಗಿದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳ ಲೆಕ್ಕದ ಪ್ರಕಾರ, ಹಿಂದಿನ ಎರಡು ದಶಕಕ್ಕೆ ಹೋಲಿಸಿದರೆ 2001ರಿಂದ 2019ರ ನಡುವೆ ಇಲ್ಲಿ ಚಂಡಮಾರುತಗಳು ಶೇ. 52ರಷ್ಟು ಜಾಸ್ತಿ ಆಗಿವೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಪಡುಬಿದ್ರಿ ಕಡಲಲ್ಲಿ ಟಗ್, ಅಂದರೆ ಹಡಗು ಎಳೆಯುವ ದೋಣಿ ಮಗುಚಿದ್ದು, ಮೂಲ್ಕಿ ಹತ್ತಿರದ ಬಂಡೆಗೆ ಸಿಕ್ಕಿಕೊಂಡ ಇನ್ನೊಂದು ಟಗ್ಗಿನಿಂದ 9 ಜನರನ್ನು ಕೋಸ್ಟ್‌ಗಾರ್ಡ್, ನೌಕಾಪಡೆಯವರು ಕಾಪಾಡಿದ್ದು ನಾವೆಲ್ಲ ಟಿವಿಯಲ್ಲಿ ಉಸಿರು ಬಿಗಿಹಿಡಿದು ನೋಡಿದ್ದೇವೆ.

ಈಗ ಗ್ಲಾಸು ನೋಡಿ. ಉಂಡೆ ಎಲ್ಲಿ? ಕರಗಿ ಗಂಜಿಯ ಹಾಗೆ ತಳಕ್ಕೆ ಕೂತಿದೆ. ಇದು ಶೇಡಿಮಣ್ಣು. ನಮ್ಮ ಗುಡ್ಡಗಳಲ್ಲಿ ಮೇಲಿನ ಪದರ ಮುರಕಲ್ಲು, ಅಂದರೆ ಕೆಂಪುಕಲ್ಲು, ಗಟ್ಟಿ. ಅದರ ಕೆಳಗೆ ಈ ಬಿಳಿ, ಗುಲಾಬಿ ಬಣ್ಣದ ನುಣ್ಣನೆ ಮಣ್ಣು. ಬೇಸಗೆಯಲ್ಲಿ ಹಿಟಾಚಿ ತಂದು ಗುಡ್ಡವನ್ನು ನೆಟ್ಟಗೆ ಕಡಿದರೆ ಗೋಡೆಯ ಹಾಗೆ ನಿಲ್ಲುತ್ತದೆ, ನೋಡಿದವರಿಗೆ ಇದು ಬೀಳುವುದೇ ಇಲ್ಲ ಅನ್ನಿಸುತ್ತದೆ. ಮಳೆ ನೀರು ಮುರಕಲ್ಲಿನ ಬಿರುಕಿನಲ್ಲಿ ಇಳಿದು ಇದಕ್ಕೆ ತಾಗಿದಾಗ ಈ ಗ್ಲಾಸಿನಲ್ಲಿ ಆದದ್ದೇ ಅಲ್ಲಿ ಆಗುತ್ತದೆ, ಮೇಲಿನ ಕಲ್ಲು, ಮರ, ಮನೆ ಎಲ್ಲ ಒಟ್ಟಿಗೆ ಕೆಳಗೆ ಬರುತ್ತದೆ. 2025ರ ಮೇ 30ರಂದು ಉಳ್ಳಾಲ ತಾಲೂಕಿನ ಮೊಂಟೆಪದವಿನಲ್ಲಿ ಮನೆಯ ಮೇಲೆ ಗುಡ್ಡ ಜರಿದು ಮೂರು ಜೀವ ಹೋಯಿತು. ಇಬ್ಬರು ಚಿಕ್ಕ ಮಕ್ಕಳು, ಅವರ ಅಜ್ಜಿ. ಅದರ ಬಗ್ಗೆ ನನಗೆ ಇದಕ್ಕಿಂತ ಜಾಸ್ತಿ ಮಾತಾಡಲು ಆಗುವುದಿಲ್ಲ.

ಇಲ್ಲಿ ಗಮನಿಸಿ. ಗುಡ್ಡ ಕಡಿದ ಕೆಂಪುಮಣ್ಣು ಎಲ್ಲಿಗೆ ಹೋಗುತ್ತದೆ? ಬೈಲಿಗೆ. ಬೈಲು ತುಂಬಿಸಲು ಮಣ್ಣು ಬೇಕಾದ್ದರಿಂದ ಗುಡ್ಡಕ್ಕೆ ಹಿಟಾಚಿ ಹೋಗುತ್ತದೆ. ಮೇಲೆ ಜರಿತ, ಕೆಳಗೆ ನೆರೆ, ನಡುವೆ ಓಡಾಡುವುದು ಒಂದೇ ಟಿಪ್ಪರ್. ಹಾಗಾಗಿ ಬೈಲನ್ನು ಉಳಿಸಿದರೆ ಅರ್ಧ ಗುಡ್ಡವೂ ತನ್ನಿಂದ ತಾನೇ ಉಳಿಯುತ್ತದೆ.

ಬೇಸಗೆಯಲ್ಲಿ ನೀರಿಲ್ಲದೆ ಒದ್ದಾಡುವುದಕ್ಕೂ ಇದಕ್ಕೂ ಸಂಬಂಧ ಇದೆ. ಊರಿಗೆಲ್ಲ ತುಂಬೆಯ ಕಿಂಡಿ ಅಣೆಕಟ್ಟೇ ಗತಿ. 2019ರಲ್ಲಿ, ಮತ್ತೆ 2023ರಲ್ಲಿ, ನೇತ್ರಾವತಿಯಲ್ಲಿ ನೀರು ಇಳಿದು ರೇಷನಿಂಗ್ ಮಾಡಿದ್ದು ಮರೆತಿಲ್ಲ ತಾನೆ? ಮೊದಲು ಮನೆಮನೆಯ ಬಾವಿಯಲ್ಲಿ ನೀರು ಇರುತ್ತಿತ್ತು. ಬೈಲಿನಲ್ಲಿ ನಾಲ್ಕು ತಿಂಗಳು ನಿಂತ ನೀರು ಇಂಗಿ ಬಾವಿಗೆ ಬರುತ್ತಿತ್ತು. ಗುಡ್ಡದ ಮೇಲೆ ಮದಕ, ಅಂದರೆ ಮಳೆನೀರು ನಿಲ್ಲುವ ಕೆರೆ ಇತ್ತು, ಮಳೆ ಮುಗಿದ ಮೇಲೆ ನೀರು ನಿಲ್ಲಿಸಲು ತೋಡಿಗೆ ಕಟ್ಟ, ಅಂದರೆ ಸಣ್ಣ ಒಡ್ಡು ಹಾಕುತ್ತಿದ್ದರು. ನೆರೆ ಬೇರೆ ಇಲಾಖೆ, ಕುಡಿಯುವ ನೀರು ಬೇರೆ ಇಲಾಖೆ ಅಂತ ನಾವು ಮಾಡಿಕೊಂಡಿದ್ದೇವೆ, ನೀರಿಗೆ ಅದು ಗೊತ್ತಿಲ್ಲ.

ಹಾಗಾದರೆ ಏನು ಮಾಡಬಹುದು? 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಮಹಾಯೋಜನೆಯನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು. ಆ ಪರಿಷ್ಕರಣೆಯಲ್ಲಿ ನಾವು ಕೇಳಬೇಕಾದ್ದು ಮುಖ್ಯವಾಗಿ ಒಂದೇ, ಬಣ್ಣ ಹಾಕುವ ಮೊದಲು ನೀರಿನ ನಕ್ಷೆ ಮಾಡಿ. ಯಾವ ಗುಡ್ಡದ ನೀರು ಯಾವ ತೋಡಿಗೆ, ಯಾವ ಬೈಲಿನಲ್ಲಿ ಎಷ್ಟು ನಿಲ್ಲುತ್ತದೆ, ಎಲ್ಲಿ ಶೇಡಿಮಣ್ಣು ಇದೆ. ಆಮೇಲೆ ಉಳಿದ ಬೈಲುಗಳಿಗೆ ಒಂದು ಪ್ರತ್ಯೇಕ ಬಣ್ಣ. ಕೃಷಿ ವಲಯ ಅಂತ ಈಗಲೂ ಒಂದು ಇದೆ, ಆದರೆ ಅದರಲ್ಲಿ ಗುಡ್ಡದ ತೋಟವೂ ಒಂದೇ, ನೀರು ನಿಲ್ಲುವ ಬೈಲೂ ಒಂದೇ. ಬೈಲಿನ ಬಣ್ಣ ಬಿದ್ದ ಜಾಗಕ್ಕೆ ಮಣ್ಣು ತುಂಬಿಸಬಾರದು. ಬೇಸಾಯ ಮಾಡಲಿ, ಮಕ್ಕಳು ಆಡಲಿ, ಕಂಬಳ ಮಾಡಲಿ. ತೋಡಿನ ಎರಡೂ ಬದಿಗೆ ಇಷ್ಟು ಮೀಟರ್ ಬಿಡಬೇಕು ಅಂತ ಖಚಿತವಾಗಿ ಬರೆಯಬೇಕು. ಬೆಂಗಳೂರಿನ 2015ರ ಮಹಾಯೋಜನೆಯಲ್ಲಿ ದೊಡ್ಡ ರಾಜಕಾಲುವೆಗೆ 50 ಮೀಟರ್ ಅಂತ ಬರೆದಿದ್ದರು. ಬರೆದದ್ದನ್ನು ಎಷ್ಟು ಪಾಲಿಸಿದರು ಅನ್ನುವುದು ಬೇರೆ ಮಾತು, ಬರೆದದ್ದಿದ್ದರೆ ಕೋರ್ಟಿಗಾದರೂ ಹೋಗಬಹುದು.

ಕಡಲ ಬದಿಯ ವಿಷಯ ಇವತ್ತು ಜಾಸ್ತಿ ಹೇಳುವುದಿಲ್ಲ, ಉಳ್ಳಾಲದವರು ಇಲ್ಲಿದ್ದಾರೆ, ನನಗಿಂತ ಚೆನ್ನಾಗಿ ಅವರೇ ಹೇಳುತ್ತಾರೆ. ಒಂದು ಕಡೆ ಕಲ್ಲು ಹಾಕಿದರೆ ಕೊರೆತ ಪಕ್ಕದ ಊರಿಗೆ ಹೋಗುವುದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಹೊಳೆ ಬದಿಯ ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಕಾಡನ್ನು ಮಾತ್ರ ಮುಟ್ಟಬೇಡಿ ಅಂತ ಯೋಜನೆಯಲ್ಲೇ ಬರೆಸಬೇಕು.

ಈಗ ಕಷ್ಟದ ಪ್ರಶ್ನೆ. ಬೈಲು ಯಾರದ್ದು? ಬಹಳ ಕಡೆ ಅದು 1974ರ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಸಿಕ್ಕಿದ ಜಾಗ. ಅಪ್ಪ, ಅಜ್ಜ ಉತ್ತದ್ದು. ಐವತ್ತು, ಅರವತ್ತು ಸೆಂಟ್ಸ್. ಅದರಲ್ಲಿ ಬೇಸಾಯ ಮಾಡಿದರೆ ಕೂಲಿಯೂ ಹುಟ್ಟುವುದಿಲ್ಲ. ಪದವಿನ ಮೇಲೆ ಜಾಗ ಇರುವವರು ಫ್ಲಾಟ್ ಕಟ್ಟಿಸಿ ಕೋಟಿ ಮಾಡುವಾಗ, ಈ ಮನೆಯವರಿಗೆ ಮಾತ್ರ ಮಗಳ ಮದುವೆಗೂ ಜಾಗ ಮಾರಬೇಡಿ, ಊರಿನ ನೀರು ಹಿಡಿದಿಟ್ಟುಕೊಳ್ಳಿ ಅಂತ ಸುಮ್ನೆ ಹೇಳುವುದು ಅನ್ಯಾಯ. ನಾನು ಅದನ್ನು ಒಪ್ಪುವುದಿಲ್ಲ, ನೀವೂ ಒಪ್ಪಬಾರದು. ಬೈಲು ಊರಿಗೆಲ್ಲ ಕೆಲಸ ಮಾಡುತ್ತದೆ ಅಂದಮೇಲೆ ಊರು ಅದಕ್ಕೆ ದುಡ್ಡು ಕೊಡಬೇಕು. ದಾರಿ ಇದೆ. ರಸ್ತೆ ಅಗಲ ಮಾಡಲು ಜಾಗ ಬಿಟ್ಟುಕೊಟ್ಟವರಿಗೆ ನಮ್ಮ ಊರಿನಲ್ಲೇ ಟಿಡಿಆರ್ ಕೊಡುತ್ತಾರಲ್ಲ, ಅಂದರೆ ಇಲ್ಲಿ ಕಟ್ಟದೆ ಬಿಟ್ಟ ಹಕ್ಕನ್ನು ಬೇರೆ ಕಡೆ ಕಟ್ಟುವವರಿಗೆ ಮಾರಬಹುದು. ಅದನ್ನೇ ಬೈಲಿಗೂ ಕೊಡಿ. ಗಟ್ಟಿ ಪದವಿನಲ್ಲಿ ಎರಡು ಮಹಡಿ ಜಾಸ್ತಿ ಕಟ್ಟಬೇಕಾದವರು ಬೈಲಿನವರಿಂದ ಹಕ್ಕು ಕೊಂಡುಕೊಳ್ಳಲಿ. ಇದಿಲ್ಲದೆ ಬರೀ ಬಣ್ಣ ಬಳಿದರೆ ಹತ್ತು ವರ್ಷದಲ್ಲಿ ಒಬ್ಬೊಬ್ಬರಾಗಿ ಬಣ್ಣ ಬದಲಾಯಿಸಿಕೊಂಡು ಬರುತ್ತಾರೆ. ಅವರನ್ನು ಬೈಯಲು ನಮಗೆ ಬಾಯಿ ಇರುವುದಿಲ್ಲ.

ಕರಡು ಯೋಜನೆ ಪ್ರಕಟವಾದ ಮೇಲೆ ಜನರ ಆಕ್ಷೇಪಕ್ಕೆ 60 ದಿನ ಸಮಯ ಇರುತ್ತದೆ. ಅಷ್ಟರಲ್ಲಿ ನಕ್ಷೆ ನೋಡಿ, ಸರ್ವೆ ನಂಬರ್ ಹುಡುಕಿ, ಅರ್ಜಿ ಬರೆಯುವುದು ಕಷ್ಟ. ನಮ್ಮ ಬೈಲಿನಲ್ಲಿ ನೀರು ನಿಲ್ಲುತ್ತದೆ ಅಂತ ಬಾಯಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ. ಎಲ್ಲಿ, ಯಾವತ್ತು, ಎಷ್ಟು ಅಡಿ ಅಂತ ಬೇಕು. ಅದನ್ನು ಈಗಲೇ ಸಿದ್ಧ ಮಾಡಿಟ್ಟುಕೊಳ್ಳೋಣ.

ಬರುವ ಭಾನುವಾರ ಬೆಳಿಗ್ಗೆ 7 ಗಂಟೆಗೆ ಹೊರಡುತ್ತೇವೆ, ತೋಡಿನ ಬದಿಯಲ್ಲೇ ಹೊಳೆಯವರೆಗೆ. ಕೊಡೆ ತನ್ನಿ, ಹಳೆಯ ಚಪ್ಪಲಿ ಹಾಕಿಕೊಂಡು ಬನ್ನಿ. ನೀರು ನಿಂತ ಫೋಟೋ ಮೊಬೈಲಿನಲ್ಲಿ ಇದ್ದರೆ ಅಳಿಸಬೇಡಿ, ತಾರೀಕಿನ ಸಮೇತ ನನಗೆ ಕೊಡಿ. ಅಳತೆ ಟೇಪು, ನೋಟ್‌ಬುಕ್ ನಾನು ತರುತ್ತೇನೆ. ಮೊದಲು ಹೋಗುವುದು ಆ ಅಮ್ಮನ ಮನೆಗೆ. ಆಮೇಲೆ ಎರಡು ಸಲ ಗೋಡೆಗೆ ಸುಣ್ಣ ಹೊಡೆಸಿದರೂ 2018ರ ಗೆರೆ ಇರುವಲ್ಲಿ ಒಂದು ಗೇಣು ಜಾಗ ಹಾಗೇ ಬಿಡಿಸಿದ್ದಾರೆ. ಅಲ್ಲಿಂದಲೇ ಅಳೆಯಲು ಶುರು ಮಾಡೋಣ.