ಹಳೇ ಮಡಿಕೇರಿಗೆ ಒಂದು ದಿನ ಕೊಡಿ

ಕೇಳುಗರೇ, ನಮಸ್ಕಾರ.

ರಜೆಗೆಂದು ಕೊಡಗಿಗೆ ಬಂದವರು ಏನು ನೋಡುತ್ತಾರೆ? ಅಬ್ಬಿ ಜಲಪಾತ, ದುಬಾರೆ, ತಲಕಾವೇರಿ, ಸಂಜೆಗೆ ರಾಜಾಸೀಟು. ಮಡಿಕೇರಿ ಪೇಟೆ ಅಂದರೆ ಅವರಿಗೆ ನಡುವೆ ಕಾರು ಸಿಕ್ಕಿಹಾಕಿಕೊಳ್ಳುವ ಜಾಗ, ಅಷ್ಟೇ. ಇದು ನನಗೆ ಸ್ವಲ್ಪ ಬೇಜಾರಿನ ವಿಷಯ. ಕಾರನ್ನು ಉಳಿದುಕೊಂಡ ಕಡೆಯೇ ಬಿಟ್ಟು, ಕೈಯಲ್ಲೊಂದು ಕೊಡೆ ಹಿಡಿದು, ಈ ಹಳೇ ಊರನ್ನು ಒಂದು ದಿನ ನಡೆದೇ ನೋಡಬೇಕು.

ಬೆಂಗಳೂರಿನಿಂದ ತಂಗಿಯೂ ಅವಳ ಮಗನೂ ಬಂದಿದ್ದಾಗ ನಾವು ಹಾಗೇ ಮಾಡಿದೆವು. ಸೋನೆ ಮಳೆ ಇತ್ತು. ಮೊದಲು ತಗ್ಗಿನಲ್ಲಿರುವ ಓಂಕಾರೇಶ್ವರ. ಕೊಡಗಿನ ರಾಜ ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ದೇವಸ್ಥಾನ. ಎದುರಿಗೆ ಕೆರೆ, ಕೆರೆಯ ನಡುವೆ ಮಂಟಪ, ನೀರಲ್ಲಿ ಮೀನು. ಹುಡುಗ ಮಾತ್ರ ಮೇಲೆ ನೋಡುತ್ತಾ ನಿಂತ. "ಮಾವ, ಇದು ಮಸೀದಿನಾ, ದೇವಸ್ಥಾನನಾ?" ಕೇಳಬೇಕಾದ ಪ್ರಶ್ನೆಯೇ. ನಡುವೆ ದೊಡ್ಡ ಗುಮ್ಮಟ, ನಾಲ್ಕು ಮೂಲೆಗೆ ಮಿನಾರಿನಂಥ ಗೋಪುರ. ಅವುಗಳ ಪಕ್ಕದಲ್ಲೇ ಬಸವಣ್ಣ ಕೂತಿದ್ದಾನೆ! ಒಳಗಿರುವ ಲಿಂಗ ಕಾಶಿಯಿಂದ ಬಂದದ್ದು ಎಂಬ ನಂಬಿಕೆ. ಕಟ್ಟಿಸಿದವರು ಹಾಲೇರಿ ವಂಶದ ಲಿಂಗಾಯತ ರಾಜರು. ಚೆನ್ನಾಗಿ ಕಂಡದ್ದನ್ನು ತಮ್ಮದು ಮಾಡಿಕೊಳ್ಳಲು ಅವರು ಹಿಂದೆಮುಂದೆ ನೋಡಲಿಲ್ಲ.

ಅಲ್ಲಿಂದ ಏರು ಹತ್ತಿದರೆ ಕೋಟೆ. ಅದೇ ವಂಶದ ಮುದ್ದುರಾಜ 1681ರಲ್ಲಿ ರಾಜಧಾನಿಯನ್ನು ಇಲ್ಲಿಗೆ ತಂದ. ಊರಿಗೆ ಹೆಸರು ಬಂದದ್ದೂ ಅವನಿಂದಲೇ, ಮುದ್ದುರಾಜಕೇರಿ ಎಂದು. ಅವನ ಕೋಟೆ ಮಣ್ಣಿನದು. ಅದನ್ನು ಕಲ್ಲಿನಲ್ಲಿ ಕಟ್ಟಿಸಿದವನು ಟಿಪ್ಪು, ಜಾಫರಾಬಾದ್ ಎಂದು ಹೆಸರನ್ನೂ ಇಟ್ಟ. 1790ರಲ್ಲಿ ಕೋಟೆ ಲಿಂಗರಾಜೇಂದ್ರನ ಅಣ್ಣ ದೊಡ್ಡವೀರರಾಜೇಂದ್ರನ ಕೈಗೆ ಬಂತು. ಹೆಸರು ನಿಲ್ಲಲಿಲ್ಲ, ಗೋಡೆ ನಿಂತಿತು. ಒಳಗಿನ ಅರಮನೆಯನ್ನು ಲಿಂಗರಾಜೇಂದ್ರ 1812ರಿಂದ 1814ರ ನಡುವೆ ಹೊಸದಾಗಿ ಕಟ್ಟಿಸಿದ. 1834ರಲ್ಲಿ ರಾಜ್ಯ ಇಂಗ್ಲಿಷರ ಪಾಲಾದ ಮೇಲೆ ಅದೇ ಅರಮನೆ ಕಚೇರಿಯಾಯಿತು. ಗಡಿಯಾರದ ಗೋಪುರ 1933ರ ಸೇರ್ಪಡೆ.

ಅರಮನೆಯ ಹತ್ತಿರ ಗಾರೆಯ ಎರಡು ಆನೆಗಳಿವೆ, ನಿಜವಾದ ಆನೆಯಷ್ಟೇ ಎತ್ತರ. ಮಕ್ಕಳನ್ನು ಮುಂದೆ ನಿಲ್ಲಿಸಿ ಎಲ್ಲರೂ ಫೋಟೋ ತೆಗೆಯುತ್ತಾರೆ, ನಾವೂ ತೆಗೆದೆವು. ಸಿಟ್ಟಿನಲ್ಲಿ ಆನೆಗಳನ್ನು ಕೊಲ್ಲಿಸಿದ ರಾಜ ಆಮೇಲೆ ಮರುಗಿ ಇವನ್ನು ಮಾಡಿಸಿದ ಎಂದು ಊರಲ್ಲಿ ಕಥೆ ಹೇಳುತ್ತಾರೆ.

ಕೋಟೆಯೊಳಗೆ ಇನ್ನೊಂದು ಕಟ್ಟಡ, ಹಳೇ ಇಗರ್ಜಿ. ಅಲ್ಲಿ ಮೊದಲು ವೀರಭದ್ರನ ಗುಡಿ ಇತ್ತು. ಇಂಗ್ಲಿಷರು 1855ರಲ್ಲಿ ಅದನ್ನು ಕೆಡವಿ ಸೇಂಟ್ ಮಾರ್ಕ್ಸ್ ಚರ್ಚು ಕಟ್ಟಿದರು. ಈಗ ಅದು ವಸ್ತುಸಂಗ್ರಹಾಲಯ, ಹಳೇ ವಿಗ್ರಹ, ಆಯುಧ ಎಲ್ಲ ಅಲ್ಲಿವೆ. ಕೋಟೆ ಬಿಡುವ ಮುಂಚೆ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ನೆನೆಯಬೇಕು. 1837ರಲ್ಲಿ ಸುಳ್ಯ, ಕೊಡಗಿನ ರೈತರು ಇಂಗ್ಲಿಷರ ಮೇಲೆ ಎದ್ದರಲ್ವಾ, ಅದರ ಮುಂದಾಳುಗಳಲ್ಲಿ ಒಬ್ಬರು. ಅದೇ ವರ್ಷ ಅಕ್ಟೋಬರ್ 31ರಂದು ಅವರನ್ನು ಈ ಕೋಟೆಯ ಎದುರೇ, ಜನ ನೋಡುತ್ತಿರುವಂತೆ, ಗಲ್ಲಿಗೇರಿಸಿದರು. ಆನೆ ಮುಂದೆ ಫೋಟೋ ತೆಗೆಯುವವರಿಗೆ ಇದನ್ನು ಹೇಳುವವರು ಕಡಿಮೆ.

ಊಟಕ್ಕೆ ಪೇಟೆಗೆ ಇಳಿದೆವು. ಅಕ್ಕಿ ತರಿಯ ಉಂಡೆ ಕಡುಬು, ಕಡಂಬುಟ್ಟು, ಸಿಕ್ಕಿತು, ಜಾಸ್ತಿಯೇ ತಿಂದೆವು. ಶುಕ್ರವಾರವಾದರೆ ಸಂತೆಯ ನೂಕುನುಗ್ಗಲು, ಆದರೆ ಕಾಡಿನ ಅಣಬೆ, ಎಳೆ ಬಿದಿರಿನ ಕಣಿಲೆ ನೋಡಬೇಕೆಂದರೆ ಅದೇ ದಿನ ಬರಬೇಕು, ಅದೂ ಮಳೆಗಾಲದಲ್ಲಿ.

ಆಮೇಲೆ ಮಹದೇವಪೇಟೆ. ದೊಡ್ಡವೀರರಾಜೇಂದ್ರನ ರಾಣಿ ಮಹದೇವಮ್ಮನ ಹೆಸರಿನ ಬೀದಿ. ಅಂಗಡಿ ಸಾಲು ದಾಟಿ ಮುಂದೆ ಹೋದರೆ ಗದ್ದಿಗೆ, ರಾಜರ ಸಮಾಧಿಗಳು. ನನ್ನನ್ನು ಕೇಳಿದರೆ ಮಡಿಕೇರಿಯಲ್ಲಿ ನೋಡಲೇಬೇಕಾದ ಜಾಗ ಇದು. ದೊಡ್ಡವೀರರಾಜೇಂದ್ರ ಮತ್ತು ಮಹದೇವಮ್ಮನದು ಒಂದು, ಲಿಂಗರಾಜೇಂದ್ರ ಮತ್ತು ಅವನ ರಾಣಿಯದು ಇನ್ನೊಂದು. ಪಕ್ಕದಲ್ಲಿ ಚಿಕ್ಕದು ರಾಜಗುರು ರುದ್ರಪ್ಪನದು. ಇಲ್ಲೂ ಗುಮ್ಮಟ, ಇಲ್ಲೂ ಬಸವ. ಬೆಳಿಗ್ಗೆ ಓಂಕಾರೇಶ್ವರ ನೋಡಿದವರಿಗೆ ಒಂದೇ ಕೈಯ ಕೆಲಸ ಎಂದು ತಕ್ಷಣ ಗೊತ್ತಾಗುತ್ತದೆ. ಅದಕ್ಕೇ ಈ ಕ್ರಮದಲ್ಲಿ ನಡೆಯಿರಿ ಎಂದು ನಾನು ಹೇಳುವುದು.

ಕೊನೆಯ ರಾಜ, ಲಿಂಗರಾಜೇಂದ್ರನ ಮಗ ಚಿಕ್ಕವೀರರಾಜೇಂದ್ರನ ಗದ್ದಿಗೆ ಮಾತ್ರ ಇಲ್ಲಿಲ್ಲ. ಇಂಗ್ಲಿಷರು ಅವನನ್ನು ಪಟ್ಟದಿಂದ ಇಳಿಸಿ ಕಾಶಿಗೆ ಕಳಿಸಿದರು. 1852ರಲ್ಲಿ ಅವನು ಮಗಳು ಗೌರಮ್ಮನ ಜೊತೆ ಲಂಡನ್ನಿಗೆ ಹೋದ. ಅಲ್ಲಿ ಅವಳು ಕ್ರೈಸ್ತಳಾದಳು, ವಿಕ್ಟೋರಿಯಾ ರಾಣಿಯೇ ಅವಳಿಗೆ ಧರ್ಮಮಾತೆ. ರಾಜ 1859ರಲ್ಲಿ ಅಲ್ಲೇ ತೀರಿಕೊಂಡ. ಅಪ್ಪ, ದೊಡ್ಡಪ್ಪ ಇಲ್ಲಿ, ಮಗ ಎಲ್ಲೋ. "ಅವನು ಕೆಟ್ಟವನಾಗಿದ್ದನಾ?" ಎಂದು ಹುಡುಗ ಕೇಳಿದ. ಅವನ ಬಗ್ಗೆ ನಮಗೆ ಸಿಗುವುದರಲ್ಲಿ ಬಹಳಷ್ಟನ್ನು ಬರೆದವರು ಅವನ ರಾಜ್ಯ ಕಿತ್ತುಕೊಂಡವರೇ ಕಣೋ ಎಂದೆ.

ಈ ಕಥೆಯ ಎಳೆ ಹಿಡಿದು ಹೋಗುವ ಮನಸ್ಸಿದ್ದವರು ಮರುದಿನ ಕಕ್ಕಬ್ಬೆಯ ಹತ್ತಿರ ಇದೇ ರಾಜರ ನಾಲ್ಕುನಾಡು ಅರಮನೆ ನೋಡಬಹುದು. ತಡಿಯಂಡಮೋಳ್ ಬೆಟ್ಟ ಹತ್ತುವವರು ಅದರ ಪಕ್ಕದಲ್ಲೇ ಹಾದುಹೋಗುತ್ತಾರೆ. ಮಳೆಗಾಲದಲ್ಲಿ ಹೋಗುವುದಾದರೆ ಜಿಗಣೆಗೆ ಉಪ್ಪು ಇಟ್ಟುಕೊಳ್ಳಿ. ನಮಸ್ಕಾರ.