ಮಗು ಮೊದಲು ಯಾರಿಗೆ ಹೇಳುತ್ತದೆ?

(ಪದವಿಪೂರ್ವ ಕಾಲೇಜೊಂದರ ಪೋಷಕರ ಸಭೆಯಲ್ಲಿ ಮಾಡಿದ ಉಪನ್ಯಾಸ)

ಪ್ರಾಂಶುಪಾಲರೇ, ಉಪನ್ಯಾಸಕ ಮಿತ್ರರೇ, ಅರ್ಧ ದಿನದ ಕೆಲಸ ಬಿಟ್ಟು ಬಂದಿರುವ ತಂದೆ ತಾಯಂದಿರೇ, ಹಿಂದಿನ ಬೆಂಚುಗಳಲ್ಲಿ ಕೂತಿರುವ ಮಕ್ಕಳೇ, ಎಲ್ಲರಿಗೂ ನಮಸ್ಕಾರ.

ಆಹ್ವಾನ ಪತ್ರಿಕೆಯಲ್ಲಿ ಇವತ್ತಿನ ವಿಷಯ 'ಮೊಬೈಲ್‌ನ ದುಷ್ಪರಿಣಾಮಗಳು' ಎಂದು ಹಾಕಿದ್ದಾರೆ. ನಾನು ದುಷ್ಪರಿಣಾಮಗಳ ಪಟ್ಟಿ ಓದುತ್ತಾ ಹೋದರೆ ಪೋಷಕರು ತಲೆ ಆಡಿಸುತ್ತೀರಿ, ಮಕ್ಕಳು ಆಕಳಿಸುತ್ತಾರೆ, ಆಮೇಲೆ ಎಲ್ಲರೂ ಕಾಫಿ ಕುಡಿದು ಮನೆಗೆ ಹೋಗುತ್ತೀರಿ. ಅದು ಬೇಡ. ನಾನು ಹೇಳಬೇಕಾದ್ದು ಇಷ್ಟೇ. ಏನನ್ನಾದರೂ ಒತ್ತುವ ಮೊದಲು ಒಬ್ಬರನ್ನು ಕೇಳು. ಒತ್ತಿದ ಮೇಲೆ ಎಡವಟ್ಟಾದರೆ ಒಬ್ಬರಿಗೆ ಹೇಳು. ಮಕ್ಕಳಿಗೆ ಇದನ್ನು ಕಲಿಸುವುದು ಕಷ್ಟವಲ್ಲ. ಆ 'ಒಬ್ಬರು' ನಾವಾಗುವುದು ಕಷ್ಟ.

ಮೊದಲು ನಮ್ಮ ರಾಜ್ಯದಲ್ಲೇ ನಡೆದ ಒಂದು ಘಟನೆ. ಪೋಷಕರಿಗೆ ನೆನಪಿರಬಹುದು. ಮಕ್ಕಳು ಆಗ ತೀರಾ ಚಿಕ್ಕವರು.

2018ರ ಜುಲೈ 13. ಹೈದರಾಬಾದಿನಿಂದ ಕೆಲವು ಗೆಳೆಯರು ಕಾರಿನಲ್ಲಿ ಬೀದರ್ ಜಿಲ್ಲೆಗೆ ಬಂದಿದ್ದರು. ಅವರಲ್ಲೊಬ್ಬರ ಪರಿಚಯದವರ ಊರು ಅದು. ದಾರಿಯಲ್ಲಿ ಶಾಲೆ ಮಕ್ಕಳು ಕಂಡರು. ಇವರು ಚಾಕೊಲೇಟ್ ಕೊಟ್ಟರು. ಅಷ್ಟೇ. ನೋಡಿದವರಿಗೆ ಅನುಮಾನ ಬಂತು. ಯಾಕೆ ಬಂತು? ಅದಕ್ಕೆ ಮೊದಲಿನ ಎರಡು ಮೂರು ತಿಂಗಳಿಂದ ಎಲ್ಲರ ವಾಟ್ಸಾಪಿನಲ್ಲೂ 'ಮಕ್ಕಳ ಕಳ್ಳರು ಬಂದಿದ್ದಾರೆ' ಎಂಬ ಸಂದೇಶ ಓಡಾಡುತ್ತಿತ್ತು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಇದೇ ವದಂತಿಗೆ ರಾಜಸ್ಥಾನದ ಒಬ್ಬ ಯುವಕನ ಜೀವ ಹೋಗಿತ್ತು.

ಜನ ಸುತ್ತುಗಟ್ಟಿದರು. ಕಾರಿನವರು ಹೆದರಿ ಹೊರಟರು. ಆದರೆ ಅವರ ಕಾರಿಗಿಂತ ಮುಂಚೆ ಮುಂದಿನ ಊರಿಗೆ ವಿಡಿಯೋ ತಲುಪಿತ್ತು. ಮುರ್ಕಿ ಎಂಬಲ್ಲಿ ರಸ್ತೆಗೆ ಅಡ್ಡ ಹಾಕಿದರು. ಕಾರು ಪಕ್ಕದ ಗುಂಡಿಗೆ ಇಳಿಯಿತು. ಹೊಡೆದರು. ಬಿಡಿಸಲು ಬಂದ ಪೊಲೀಸರಿಗೂ ಪೆಟ್ಟಾಯಿತು. ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಸತ್ತುಹೋದರು. ಆಮೇಲೆ ಪೊಲೀಸರು ಬಂಧಿಸಿದವರಲ್ಲಿ ವಾಟ್ಸಾಪ್ ಗ್ರೂಪಿನ ಅಡ್ಮಿನ್ ಕೂಡ ಇದ್ದ.

ಆ ದಿನಗಳಲ್ಲಿ ಜನರನ್ನು ಜಾಸ್ತಿ ಹೆದರಿಸಿದ ಒಂದು ವಿಡಿಯೋ ಇತ್ತು. ಬೈಕಿನಲ್ಲಿ ಇಬ್ಬರು ಬರುತ್ತಾರೆ, ರಸ್ತೆಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರ್ನಾಟಕದ್ದಲ್ಲ, ಭಾರತದ್ದೂ ಅಲ್ಲ. ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಜಾಹೀರಾತು. ಪೂರ್ತಿ ನೋಡಿದರೆ ಆ ಇಬ್ಬರು ವಾಪಸ್ ಬಂದು ಮಗುವನ್ನು ಇಳಿಸಿ, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿದರು. ಉಳಿದದ್ದನ್ನು ಊರೂರಿಗೆ ಮುಟ್ಟಿಸಿದವರು ಯಾರು? ಕೆಟ್ಟವರೇನಲ್ಲ. ಅಪ್ಪ, ಅಮ್ಮ, ಚಿಕ್ಕಪ್ಪ, ಅಂಗಡಿಯವರು. 'ಪಾಪ, ನಾಲ್ಕು ಜನಕ್ಕೆ ಗೊತ್ತಾಗಲಿ' ಎಂದು ಕಳಿಸಿದವರು. ಅವರಲ್ಲಿ ಎಷ್ಟು ಜನ ಠಾಣೆಗೆ ಒಂದು ಫೋನ್ ಮಾಡಿ 'ಹೀಗೊಂದು ಬಂದಿದೆ, ಹೌದಾ?' ಎಂದು ಕೇಳಿರಬಹುದು?

ಅದಾದ ಮೇಲೆ ವಾಟ್ಸಾಪ್ ಕಂಪನಿ ಫಾರ್ವರ್ಡ್ ಆದ ಸಂದೇಶಕ್ಕೆ ಗುರುತು ಹಾಕಿತು. ಭಾರತದಲ್ಲಿ ಒಮ್ಮೆಗೆ ಐದು ಚಾಟ್‌ಗಳಿಗೆ ಮಾತ್ರ ಕಳಿಸಬಹುದು ಎಂದಿತು. 2020ರಲ್ಲಿ, ಕೈಯಿಂದ ಕೈಗೆ ತುಂಬಾ ದಾಟಿದ ಸಂದೇಶವನ್ನು ಒಮ್ಮೆಗೆ ಒಂದೇ ಚಾಟ್‌ಗೆ ಎಂದು ಮಿತಿ ಮಾಡಿತು. ನಿಮ್ಮ ಫೋನಿನಲ್ಲಿ ಎರಡು ಬಾಣದ ಗುರುತು ಕಾಣುತ್ತದಲ್ಲ, ಅದರ ಅರ್ಥ ಅದೇ. ಇದನ್ನು ಬರೆದವರು ನಿಮ್ಮ ಭಾವಮೈದುನ ಅಲ್ಲ, ಅವರ ಸ್ನೇಹಿತರೂ ಅಲ್ಲ. ಯಾರೆಂದು ಯಾರಿಗೂ ಗೊತ್ತಿಲ್ಲ.

ಉಪನ್ಯಾಸಕರಲ್ಲಿ ಒಂದು ಕೋರಿಕೆ. ಇದನ್ನು ಭಾಷಣವಾಗಿ ಹೇಳಬೇಡಿ. ತರಗತಿಯಲ್ಲಿ ಒಂದು ಪೀರಿಯಡ್ ಇಟ್ಟುಕೊಂಡು, ಆ ವಾರ ಬಂದ ಒಂದು ಫಾರ್ವರ್ಡ್ ತೆಗೆದುಕೊಳ್ಳಿ. ಚಿತ್ರವನ್ನು ಗೂಗಲ್ ಲೆನ್ಸಿಗೆ ಹಾಕಿ, ಅದು ಮೊದಲು ಎಲ್ಲಿ, ಯಾವ ವರ್ಷ ಬಂದಿತ್ತು ಎಂದು ಮಕ್ಕಳೇ ಹುಡುಕಲಿ. ನಾನು ಮಾಡಿಸಿ ನೋಡಿದ್ದೇನೆ. ಹೋದ ವಾರದ ಪ್ರವಾಹ ಅಂತ ಬಂದ ಚಿತ್ರ ಬೇರೆ ದೇಶದ್ದು, ಹಳೆಯದ್ದು ಎಂದು ಸಿಕ್ಕಿದಾಗ ಮಕ್ಕಳ ಮುಖದಲ್ಲಿ ಬರುವ ಖುಷಿ ನೋಡಬೇಕು! ಮನೆಗೆ ಹೋಗಿ ಅಪ್ಪನ ಫಾರ್ವರ್ಡ್‌ಗಳನ್ನೂ ಪರೀಕ್ಷೆ ಮಾಡುತ್ತಾರೆ. ಅಪ್ಪಂದಿರು ಸ್ವಲ್ಪ ಸಹಿಸಿಕೊಳ್ಳಬೇಕು.

ಇನ್ನು ಎರಡನೆಯ ವಿಷಯ, ಅಸಹ್ಯ ವಿಡಿಯೋ, ಫೋಟೋ ಇಟ್ಟುಕೊಂಡು ಮಕ್ಕಳನ್ನು ಬೆದರಿಸುವುದು. ಮಕ್ಕಳ ಮುಂದೆ ಹೇಗೆ ಮಾತಾಡುವುದು ಎಂದು ಸಂಕೋಚಪಡಬೇಡಿ. ಇಲ್ಲಿ ಕೂತಿರುವ ಮಕ್ಕಳಿಗೆ ನಮಗಿಂತ ಜಾಸ್ತಿ ಗೊತ್ತಿದೆ.

ಒಬ್ಬ ಹುಡುಗನಿಗೆ ಇನ್‌ಸ್ಟಾಗ್ರಾಮಿನಲ್ಲಿ ಒಂದು ಹುಡುಗಿಯ ಫೋಟೋ ಇರುವ ಖಾತೆಯಿಂದ ರಿಕ್ವೆಸ್ಟ್ ಬರುತ್ತದೆ. ಒಪ್ಪಿಕೊಳ್ಳುತ್ತಾನೆ. ಮಾತು ಬೆಳೆಯುತ್ತದೆ. ವಾಟ್ಸಾಪ್ ನಂಬರ್ ಕೊಡು ಎನ್ನುತ್ತಾಳೆ. ರಾತ್ರಿ ವಿಡಿಯೋ ಕಾಲ್. ಆ ಕಡೆ ಕಾಣುವುದು ಮೊದಲೇ ರೆಕಾರ್ಡ್ ಮಾಡಿಟ್ಟ ವಿಡಿಯೋ. ಈ ಕಡೆ ಹುಡುಗ ಮಾಡುವುದೆಲ್ಲ ಅಲ್ಲಿ ರೆಕಾರ್ಡ್ ಆಗುತ್ತಿರುತ್ತದೆ. ಕಾಲ್ ಮುಗಿದ ಸ್ವಲ್ಪ ಹೊತ್ತಿಗೆ ಒಂದು ಸ್ಕ್ರೀನ್‌ಶಾಟ್ ಬರುತ್ತದೆ. ಅದರಲ್ಲಿ ಅವನ ಫಾಲೋವರ್‌ಗಳ ಪಟ್ಟಿ. ಅಕ್ಕ ಇದ್ದಾಳೆ, ಟ್ಯೂಷನ್ ಸರ್ ಇದ್ದಾರೆ, ಮಾವನ ಮಗ ಇದ್ದಾನೆ. 'ಐದು ಸಾವಿರ ಹಾಕು. ಇಲ್ಲದಿದ್ದರೆ ಇವರಿಗೆಲ್ಲ ಕಳಿಸುತ್ತೇನೆ.' ಐದು ಸಾವಿರ ಹಾಕಿದರೆ ಮರುದಿನ ಹತ್ತು ಕೇಳುತ್ತಾರೆ. ಕೊಟ್ಟವನನ್ನು ಅವರು ಬಿಡುವುದಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ ಕಾಲ್ ಕೂಡ ಬೇಕಿಲ್ಲ. ಸ್ಟೇಟಸ್‌ಗೆ ಹಾಕಿದ ಮಾಮೂಲಿ ಫೋಟೋ ತೆಗೆದು ಕೃತಕ ಬುದ್ಧಿಮತ್ತೆಯ ಆ್ಯಪಿನಲ್ಲಿ ಅಸಹ್ಯವಾಗಿ ಬದಲಾಯಿಸುತ್ತಾರೆ. ಒಮ್ಮೊಮ್ಮೆ ಅದನ್ನು ಮಾಡುವುದು ಅದೇ ತರಗತಿಯ ಹುಡುಗರು, ಸುಮ್ನೆ ತಮಾಷೆಗೆ ಅಂತ. ತಮಾಷೆಯಲ್ಲ ಅದು. ಮಕ್ಕಳ ಅಶ್ಲೀಲ ಚಿತ್ರ ಮಾಡುವುದು, ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಡಿ ಅಪರಾಧ. ಮೊದಲ ಸಲಕ್ಕೇ ಐದು ವರ್ಷದವರೆಗೆ ಜೈಲು ಮತ್ತು ದಂಡ ಇದೆ. ಹದಿನೆಂಟು ತುಂಬದವರ ಪ್ರಕರಣ ಬಾಲನ್ಯಾಯ ಮಂಡಳಿಗೆ ಹೋಗುತ್ತದೆ. ಹೋಗುವುದಂತೂ ತಪ್ಪುವುದಿಲ್ಲ.

ಈಗ ಯೋಚನೆ ಮಾಡಿ. ಆ ಬೆದರಿಸುವವನ ಹತ್ತಿರ ಏನಿದೆ? ಒಂದು ವಿಡಿಯೋ ಇದೆ, ಸರಿ. ಆದರೆ ಅವನ ನಿಜವಾದ ಬಂಡವಾಳ ನಮ್ಮ ಮನೆಯ ಭಯ. 'ಅಪ್ಪನಿಗೆ ಗೊತ್ತಾದರೆ ಮುಗೀತು' ಎಂದು ಹುಡುಗ ಅಂದುಕೊಂಡಿರುವವರೆಗೂ ಆ ದಂಧೆ ನಡೆಯುತ್ತದೆ. ಅಪ್ಪನಿಗೆ ಆಗಲೇ ಗೊತ್ತಿದ್ದರೆ ಬೆದರಿಸಲು ಅರ್ಧ ಕಾರಣವೇ ಇಲ್ಲ.

ಮಗು ಬಂದು ಹೇಳಿದಾಗ ನಮ್ಮ ಬಾಯಿಂದ ಬರುವ ಮೊದಲ ಮಾತು ಯಾವುದು? 'ನಾನು ಅವತ್ತೇ ಹೇಳಿದ್ದೆ, ಈ ಫೋನ್ ಬೇಡ ಅಂತ.' ಎರಡನೆಯ ಮಾತು, 'ತಗೊಂಡು ಬಾ ಇಲ್ಲಿ ಅದನ್ನ.' ಫೋನ್ ಕಪಾಟಿಗೆ ಹೋಗುತ್ತದೆ. ಮನೆಯಲ್ಲಿದ್ದ ತಂಗಿ ಇದನ್ನೆಲ್ಲ ನೋಡುತ್ತಿರುತ್ತಾಳೆ. ನಾಳೆ ಅವಳಿಗೆ ಏನಾದರೂ ಆದರೆ ಹೇಳುತ್ತಾಳಾ? ಅದಕ್ಕೆ, ಇವತ್ತು ಮನೆಗೆ ಹೋಗಿ ಒಂದು ಮಾತು ಕೊಡಿ: 'ಆನ್‌ಲೈನಿನಲ್ಲಿ ಏನೇ ಆದರೂ ನಮಗೆ ಬಂದು ಹೇಳು. ಹೇಳಿದ್ದಕ್ಕೆ ಬೈಯುವುದಿಲ್ಲ, ಫೋನ್ ಕಿತ್ತುಕೊಳ್ಳುವುದಿಲ್ಲ.' ಕೊಟ್ಟ ಮೇಲೆ ಉಳಿಸಿಕೊಳ್ಳಿ. ಅಪ್ಪನ ಹತ್ತಿರ ಆಗುವುದಿಲ್ಲ ಎನ್ನುವ ಮಕ್ಕಳಿಗೆ ಅತ್ತೆಯೋ, ದೊಡ್ಡಣ್ಣನೋ, ಈ ಕಾಲೇಜಿನ ಒಬ್ಬ ಮೇಡಂ ಇರಲಿ. ಯಾರು ಎಂದು ಮೊದಲೇ ಗೊತ್ತಿರಬೇಕು ಅಷ್ಟೇ.

ಹೇಳಿದ ಮೇಲೆ ಏನು ಮಾಡಬೇಕು? ದುಡ್ಡು ಹಾಕಬೇಡಿ. ಗಾಬರಿಯಲ್ಲಿ ಚಾಟ್ ಅಳಿಸಬೇಡಿ, ಅದೇ ಸಾಕ್ಷಿ. ಸ್ಕ್ರೀನ್‌ಶಾಟ್ ತೆಗೆದುಕೊಂಡು, ಖಾತೆಯನ್ನು ರಿಪೋರ್ಟ್ ಮಾಡಿ ಬ್ಲಾಕ್ ಮಾಡಿ. ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್ಲಿನಲ್ಲಿ ಮಹಿಳೆಯರು ಮತ್ತು ಮಕ್ಕಳ ಇಂಥ ಪ್ರಕರಣಗಳನ್ನು ಹೆಸರು ಹೇಳದೆಯೂ ದಾಖಲಿಸಬಹುದು. ಮಕ್ಕಳು ಸಹಾಯಕ್ಕೆ ನೇರವಾಗಿ 1098ಕ್ಕೆ ಫೋನ್ ಮಾಡಬಹುದು. 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆಯೂ ಇದೆ. ಹದಿನೆಂಟರೊಳಗಿನವರ ಇಂಥ ಚಿತ್ರಗಳು ಹರಡದಂತೆ ತಡೆಯಲೆಂದೇ ಇರುವುದು. ಇದರಲ್ಲಿ ನಿಮ್ಮ ಚಿತ್ರ ಎಲ್ಲಿಗೂ ಹೋಗುವುದಿಲ್ಲ. ಬೆರಳಚ್ಚಿನಂಥ ಒಂದು ಗುರುತನ್ನು ಫೋನಿನಲ್ಲೇ ತಯಾರಿಸಿ ಅದನ್ನು ಮಾತ್ರ ಕಳಿಸುತ್ತದೆ. ಇನ್‌ಸ್ಟಾಗ್ರಾಮ್, ಫೇಸ್‌ಬುಕ್ಕಿನಂಥ ಕಡೆ ಅದೇ ಚಿತ್ರ ಕಂಡರೆ ತಡೆಯಲು ಆಗುತ್ತದೆ. ವಾಟ್ಸಾಪಿನ ಒಳಗೆ ಹರಿದಾಡುವುದನ್ನು ಮಾತ್ರ ಇದು ತಡೆಯಲಾರದು.

ದ್ವಿತೀಯ ಪಿಯು ಮಕ್ಕಳು ಈಗ ಸ್ವಲ್ಪ ಕಿವಿಗೊಡಿ. ನಿಮಗೆ ಹದಿನೆಂಟು ತುಂಬುತ್ತಿದೆ. ಬ್ಯಾಂಕ್ ಖಾತೆ, ಸಿಮ್ ನಿಮ್ಮ ಹೆಸರಿಗೇ ಸಿಗುತ್ತದೆ. ಆಗ ಒಬ್ಬ ಸೀನಿಯರ್ ಅಥವಾ ಟೆಲಿಗ್ರಾಮಿನ ಒಬ್ಬ ಅಣ್ಣ ಬರುತ್ತಾನೆ. 'ನಿನ್ನ ಖಾತೆಗೆ ಸ್ವಲ್ಪ ದುಡ್ಡು ಬರುತ್ತೆ, ಡ್ರಾ ಮಾಡಿ ಕೊಡು, ಕಮಿಷನ್ ನಿಂಗೆ' ಎನ್ನುತ್ತಾನೆ. ಇಲ್ಲದಿದ್ದರೆ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಮೂರನ್ನೂ ಕೊಡು, ದುಡ್ಡು ತಗೋ ಎನ್ನುತ್ತಾನೆ. ಇಂಥದ್ದನ್ನು ಮ್ಯೂಲ್ ಖಾತೆ ಎನ್ನುತ್ತಾರೆ. ಪೊಲೀಸರ ವೇಷದಲ್ಲಿ ವಿಡಿಯೋ ಕಾಲ್ ಮಾಡಿ 'ಡಿಜಿಟಲ್ ಅರೆಸ್ಟ್' ಆಗಿದ್ದೀರಿ ಎಂದು ಹೆದರಿಸಿ ಯಾರೋ ನಿವೃತ್ತ ಮೇಷ್ಟ್ರ ಹತ್ತಿರ ಕಿತ್ತುಕೊಂಡ ದುಡ್ಡು ನಿಮಿಷಗಳಲ್ಲಿ ಹತ್ತಾರು ಖಾತೆಗಳಿಗೆ ಒಡೆದು ಹೋಗುತ್ತದೆ. ಅದರಲ್ಲಿ ಒಂದು ನಿಮ್ಮದು. ಮೋಸ ಮಾಡಿದವನು ಎಲ್ಲೋ ಇರುತ್ತಾನೆ. ಪೊಲೀಸರಿಗೆ ವಿಳಾಸ ಸಮೇತ ಮೊದಲು ಸಿಗುವವರು ನೀವು. ನೋಟಿಸ್ ಬೇರೆ ರಾಜ್ಯದಿಂದ ಬರುತ್ತದೆ, ಖಾತೆ ಫ್ರೀಜ್ ಆಗುತ್ತದೆ, ವಿದ್ಯಾರ್ಥಿವೇತನ ಅದರಲ್ಲೇ ಬರುತ್ತಿದ್ದರೆ ಅದೂ ಸಿಕ್ಕಿಹಾಕಿಕೊಳ್ಳುತ್ತದೆ. ಇಂಥ ಖಾತೆಗಳನ್ನು ಪತ್ತೆ ಹಚ್ಚಲೆಂದೇ ರಿಸರ್ವ್ ಬ್ಯಾಂಕಿನ ಬೆಂಗಳೂರಿನ ಸಂಸ್ಥೆ ಒಂದು ಸಾಫ್ಟ್‌ವೇರ್ ಮಾಡಿದೆ. ನನಗೆ ಗೊತ್ತಿರಲಿಲ್ಲ ಸಾರ್ ಎಂದರೆ ಯಾರೂ ಅಷ್ಟು ಸುಲಭಕ್ಕೆ ಕೇಳುವುದಿಲ್ಲ.

ನಿಮ್ಮ ಮನೆಯವರ ದುಡ್ಡೇ ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದುಡ್ಡು ಖಾತೆಯಿಂದ ಖಾತೆಗೆ ದಾಟುವ ಮುಂಚೆ ತಿಳಿಸಿದರೆ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ನಾಳೆ ನೋಡೋಣ ಎಂದರೆ ಕಷ್ಟ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎನ್ನುವುದನ್ನು 'ಸಂಚಾರ್ ಸಾಥಿ' ಪೋರ್ಟಲ್ಲಿನಲ್ಲಿ ನೋಡಬಹುದು. ನಿಮ್ಮದಲ್ಲದ್ದು ಕಂಡರೆ ಅಲ್ಲೇ ತಿಳಿಸಬಹುದು. ಯುಪಿಐಯಲ್ಲಿ ದುಡ್ಡು ಬರಲು ಪಿನ್ ಬೇಕಿಲ್ಲ, ಕಳಿಸಲು ಮಾತ್ರ ಬೇಕು. ಇದನ್ನು ಮಕ್ಕಳು ಅಜ್ಜಿ ತಾತಂದಿರಿಗೆ ಹೇಳಿಕೊಡಲಿ.

'ದಿನಾ ಆರು ಗಂಟೆ ರೀಲ್ಸ್ ನೋಡುತ್ತಾನೆ ಸಾರ್, ಅದಕ್ಕೇನು ಮಾಡುವುದು' ಎಂದು ಬಾಗಿಲಲ್ಲೇ ಒಬ್ಬ ತಾಯಿ ಕೇಳಿದರು. ಅಮ್ಮಾ, ಅದು ಬರೀ ಹುಡುಗನ ಸೋಮಾರಿತನ ಅಲ್ಲ. ಕೆಳಗೆ ಎಳೆದಷ್ಟೂ ಮುಗಿಯದ ಪುಟವನ್ನು 2006ರಲ್ಲಿ ವಿನ್ಯಾಸ ಮಾಡಿದ ಏಜಾ ರಾಸ್ಕಿನ್ ಎಂಬ ತಂತ್ರಜ್ಞರೇ ಆಮೇಲೆ ಅದಕ್ಕೆ ವಿಷಾದಪಟ್ಟಿದ್ದಾರೆ. ನಿಲ್ಲಿಸಲು ಆಗದಂತೆ ಮಾಡಿದ ವಸ್ತುವನ್ನು ನಿಲ್ಲಿಸಲಿಲ್ಲ ಎಂದು ಮಗುವನ್ನೇ ಬೈದರೆ ಹೇಗೆ? ಊಟ, ನಿದ್ದೆ, ಓದು ಎಲ್ಲ ಕೆಡುವಷ್ಟು ಆಗಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 'ಶಟ್' ಎಂಬ ಕ್ಲಿನಿಕ್ 2014ರಿಂದ ಇದೆ, ಇದೇ ಸಮಸ್ಯೆಗೆ. ಹೋಗಲು ನಾಚಿಕೆ ಬೇಡ.

ಪೂರ್ತಿ ನಿಷೇಧ ಮಾಡಿಬಿಡಲಿ ಎನ್ನುವವರಿದ್ದಾರೆ. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ ಹದಿನಾರರ ಕೆಳಗಿನವರು ದೊಡ್ಡ ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಇಟ್ಟುಕೊಳ್ಳುವಂತಿಲ್ಲ. ಆ ಕಾನೂನಿನಲ್ಲಿ ನನಗೆ ಇಷ್ಟವಾದದ್ದು ಒಂದೇ. ದಂಡ ಬೀಳುವುದು ಕಂಪನಿಗೆ, ಮಗುವಿಗೂ ಇಲ್ಲ, ಪೋಷಕರಿಗೂ ಇಲ್ಲ. ನಮ್ಮಲ್ಲೂ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟರೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ. ಆದರೆ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇರುವುದು ಒಂದೇ ಫೋನ್. ಸಿಮ್ ಅಮ್ಮನದು, ಹುಟ್ಟಿದ ವರ್ಷ ಸುಳ್ಳು, ಒಪ್ಪಿಗೆಯ ಒಟಿಪಿ ಬರುವುದೂ ಮಗುವಿನ ಕೈಯಲ್ಲಿರುವ ಅದೇ ಫೋನಿಗೆ! ನಿಷೇಧ ಬಂದರೆ ಬರಲಿ. ಹದಿನಾರು ದಾಟಿದ ಮರುದಿನ ಮಗು ಏನು ಮಾಡಬೇಕು ಎಂದು ಕಲಿಸುವ ಕೆಲಸ ಆಗಲೂ ಉಳಿದೇ ಇರುತ್ತದೆ.

ಇನ್ನೊಂದು ಮಾತು, ಪೋಷಕರಿಗೆ ಮಾತ್ರ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ನಮ್ಮ ವಾಟ್ಸಾಪ್ ಸ್ಟೇಟಸ್ ನೋಡಿ. ಅಂಕಪಟ್ಟಿಯ ಫೋಟೋ ಹಾಗೇ ಹಾಕಿರುತ್ತೇವೆ. ಅದರಲ್ಲಿ ಮಗುವಿನ ಪೂರ್ತಿ ಹೆಸರು, ತಂದೆ ತಾಯಿ ಹೆಸರು, ಹುಟ್ಟಿದ ದಿನಾಂಕ, ನೋಂದಣಿ ಸಂಖ್ಯೆ ಎಲ್ಲ ಇದೆ. ಗ್ಯಾಸ್ ಸಿಲಿಂಡರ್ ತರುವವರಿಂದ ಹಿಡಿದು ಹಳೇ ಬಾಡಿಗೆದಾರರವರೆಗೆ ನಮ್ಮ ಕಾಂಟ್ಯಾಕ್ಟಿನಲ್ಲಿ ಇರುವವರೆಲ್ಲ ನೋಡುತ್ತಾರೆ. ಮಗುವನ್ನು ಕೇಳಿದೆವಾ? ಅಂಕ ಕಡಿಮೆ ಬಂದ ಪಕ್ಕದ ಮನೆಯ ಮಗುವಿನ ಗತಿ ಯೋಚಿಸಿದೆವಾ? ಹಾಕಲೇಬೇಕು ಅನ್ನಿಸಿದರೆ ಮಗುವನ್ನು ಕೇಳಿ, ಅಂಕ ಮಾತ್ರ ಬರೆದು ಹಾಕಿ. ಒತ್ತುವ ಮೊದಲು ಒಬ್ಬರನ್ನು ಕೇಳುವುದು ಹೇಗೆ ಎಂದು ಮಗು ಅಲ್ಲೇ ನೋಡಿ ಕಲಿಯುತ್ತದೆ.

ಮಾತು ಸಾಕು. ಈಗ ಎಲ್ಲರೂ ಫೋನ್ ತೆಗೆಯಿರಿ. ಮಕ್ಕಳು ಮುಂದೆ ಬಂದು ತಮ್ಮ ತಮ್ಮ ಪೋಷಕರ ಪಕ್ಕ ಕೂತುಕೊಳ್ಳಿ. ಮಕ್ಕಳು ಅಮ್ಮನ ವಾಟ್ಸಾಪಿನಲ್ಲಿ ಎರಡು ಹಂತದ ಪರಿಶೀಲನೆ ಹಾಕಿಕೊಡಲಿ. ಆರು ಅಂಕಿಯ ಪಿನ್ ಅಮ್ಮನೇ ಆರಿಸಿಕೊಳ್ಳಲಿ, ಹುಟ್ಟಿದ ದಿನಾಂಕ ಬೇಡ. ಆಮೇಲೆ ತಮ್ಮ ಇನ್‌ಸ್ಟಾಗ್ರಾಮ್ ಖಾತೆ ಪ್ರೈವೇಟ್ ಇದೆಯಾ ಎಂದು ತಾವೇ ನೋಡಿಕೊಳ್ಳಲಿ. ಪ್ರೈವೇಟ್ ಇದ್ದರೆ ಫಾಲೋವರ್‌ಗಳ ಪಟ್ಟಿ ಹೊರಗಿನವರಿಗೆ ಕಾಣುವುದಿಲ್ಲ. ಪೋಷಕರು ಆ ಹೊತ್ತಿಗೆ ಇಣುಕಬೇಡಿ. ಪ್ರಶ್ನೆ ಇದ್ದವರು ಕೈ ಎತ್ತಿ. ಎಲ್ಲರ ಎದುರು ಕೇಳಲು ಆಗದ ಪ್ರಶ್ನೆಯಾದರೆ ಬಾಗಿಲ ಹತ್ತಿರ ಡಬ್ಬಿ ಇಟ್ಟಿದ್ದೇವೆ, ಚೀಟಿ ಹಾಕಿ. ಹೆಸರು ಬರೆಯಬೇಕಾಗಿಲ್ಲ.