ಕಳುವಾದ ಸೈಕಲ್ಲು, ಲೂಯಿವಿಲ್ ಮತ್ತು ನನ್ನ 36 ಡಾಲರ್

ಬಾಗಿಲ ಮೇಲೆ ಕೆಂಪು ಸೈಕಲ್ಲು ನೇತುಹಾಕಿದ್ದಾರಲ್ಲ, ಕಾಣಿಸುತ್ತಿದೆಯಾ? ಇದನ್ನು ನೋಡೋಕೇ ಬಾಕ್ಸರ್ ಮೊಹಮ್ಮದ್ ಅಲಿ ಹುಟ್ಟಿದ ಊರು, ಅಮೆರಿಕದ ಲೂಯಿವಿಲ್‌ಗೆ ಬಂದದ್ದು. ಮ್ಯೂಸಿಯಂ ಆಮೇಲೆ.

ಮೊದಲು ಪಾರ್ಕಿಂಗ್ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹೊಟ್ಟೆ ತಣ್ಣಗಾಗಲ್ಲ. ಎರಡು ಗಂಟೆಗೆ 18 ಡಾಲರ್! ಮಷೀನು ಕಾರ್ಡ್ ತಗೊಳ್ಳಲಿಲ್ಲ ಅಂತ ಇನ್ನೊಂದು ಸಲ ಉಜ್ಜಿದೆ. ಎರಡು ಸಲವೂ ದುಡ್ಡು ಹೋಗಿದೆ. 36. ರೂಪಾಯಿಗೆ ಲೆಕ್ಕ ಹಾಕಬೇಡಿ ಅಂತ ನನ್ನ ಹೆಂಡತಿ ಯಾವಾಗಲೂ ಹೇಳುತ್ತಾಳೆ. ಹಾಕಿದೆ. ಮೂರು ಸಾವಿರ ದಾಟಿತು. ಕೇಳೋಣ ಅಂದರೆ ನರಪಿಳ್ಳೆ ಇಲ್ಲ, ಒಂದು ಕಂಬ, ಅದಕ್ಕೊಂದು ಫೋನ್ ನಂಬರು. ದಾವಣಗೆರೆಯಲ್ಲಿ ಸೈಕಲ್ ಸ್ಟ್ಯಾಂಡಿನ ಅಜ್ಜ ಎಂಟಾಣೆ ಜಾಸ್ತಿ ಕೇಳಿದರೆ ನಿಂತು ಜಗಳವಾಡಬಹುದಿತ್ತು. ಕಂಬದ ಜೊತೆ ಏನು ಜಗಳ?

ಹಾಂ, ಸೈಕಲ್ಲು. 1954. ಹುಡುಗನಿಗೆ 12 ವರ್ಷ, ಹೆಸರು ಕ್ಯಾಷಿಯಸ್ ಕ್ಲೇ. ಇಲ್ಲೇನೋ ಮೇಳ, ಪಾಪ್‌ಕಾರ್ನ್ ಪುಕ್ಕಟೆ. ತಿಂದು ಹೊರಗೆ ಬಂದರೆ ಸೈಕಲ್ಲೇ ಇಲ್ಲ! ಕದ್ದವನನ್ನು ಚಚ್ಚಿಹಾಕುತ್ತೇನೆ ಅಂತ ಅಳುತ್ತಾ ನೆಲಮಾಳಿಗೆಗೆ ಇಳಿದ. ಅಲ್ಲಿ ಜೋ ಮಾರ್ಟಿನ್ ಅನ್ನೋ ಪೊಲೀಸು ಹುಡುಗರಿಗೆ ಬಾಕ್ಸಿಂಗ್ ಕಲಿಸುತ್ತಿದ್ದರು. ಮೊದಲು ಹೊಡೆಯೋದು ಕಲಿ ಅಂದರು. ಕಲಿತ. 1960ರಲ್ಲಿ ರೋಮ್ ಒಲಿಂಪಿಕ್ಸ್ ಚಿನ್ನ. 1964ರಲ್ಲಿ ಆಗಿನ ಚಾಂಪಿಯನ್ ಲಿಸ್ಟನ್ ಏಳನೇ ಸುತ್ತಿಗೆ ಸ್ಟೂಲಿನಿಂದ ಏಳಲೇ ಇಲ್ಲ, ನಮ್ಮ ಹುಡುಗ ಹೆವಿವೇಟ್ ಚಾಂಪಿಯನ್. ಮೊಹಮ್ಮದ್ ಅಲಿ ಆದದ್ದು ಅದಾದ ಮೇಲೆ. ಸೈಕಲ್ಲು ಮಾತ್ರ ಸಿಗಲಿಲ್ಲ.

ನನಗೆ ಉರಿಯೋದು 1967. ವಿಯೆಟ್ನಾಂ ಯುದ್ಧದ ಕಾಲ, ಸೇನೆ ಸೇರಲ್ಲ ಅಂದರು. ಪಟ್ಟ ಹೋಯಿತು, ಬಾಕ್ಸಿಂಗ್ ಲೈಸೆನ್ಸ್ ಹೋಯಿತು, ಜೊತೆಗೆ ಕೋರ್ಟಿನಲ್ಲಿ ಶಿಕ್ಷೆ. ಮೂರೂವರೆ ವರ್ಷ ಪಂದ್ಯವೇ ಇಲ್ಲ, ಅದೂ 25ರಿಂದ 28ರ ವಯಸ್ಸಲ್ಲಿ! 1971ರಲ್ಲಿ ಸುಪ್ರೀಂ ಕೋರ್ಟಿನ ಎಂಟೂ ಜಡ್ಜುಗಳು ಶಿಕ್ಷೆ ರದ್ದು ಮಾಡಿದರು. ಆ ವರ್ಷಗಳನ್ನು ಯಾರು ಕೊಡುತ್ತಾರೆ?

ಆಫ್ರಿಕಾದ ಕಿನ್ಶಾಸಾದಲ್ಲಿ ನಡೆದ 1974ರ ಪಂದ್ಯ ನಿಮಗೆ ಗೊತ್ತೇ ಇರುತ್ತದೆ, ಆಗಿನ ಚಾಂಪಿಯನ್ ಫೋರ್ಮನ್ ಎಂಟನೇ ಸುತ್ತಿಗೆ ಬಿದ್ದ, ಪಟ್ಟ ಮತ್ತೆ ಅಲಿಗೆ. 1975ರ ಮನಿಲಾದಲ್ಲಿ, ಆ ಸೆಕೆಯಲ್ಲಿ, ಫ್ರೇಜಿಯರ್ ಜೊತೆ 14 ಸುತ್ತು. ಅಲ್ಲಿಗೇ ನಿಲ್ಲಿಸಬೇಕಿತ್ತು ಅಲ್ವಾ? ಇಲ್ಲ, ತಡೀರಿ. 1978ರಲ್ಲಿ ಸ್ಪಿಂಕ್ಸ್ ಕೈಲಿ ಸೋತು, ಅದೇ ವರ್ಷ ಅವನನ್ನೇ ಸೋಲಿಸಿ ಮೂರನೇ ಸಲ ಪಟ್ಟ ಗೆದ್ದರಲ್ಲ, ಅದು ಬೇಕು. ಸರಿ, ಆಗ ನಿಲ್ಲಿಸಬೇಕಿತ್ತು. 1980ರ ಹೋಮ್ಸ್ ಪಂದ್ಯದ ವಿಡಿಯೋ ನಾನು ಅರ್ಧಕ್ಕೇ ಆಫ್ ಮಾಡಿದೆ. ಸುಮ್ನೆ ಹೊಡೆಸಿಕೊಳ್ಳುತ್ತಿದ್ದಾರೆ. ನಾಲ್ಕು ವರ್ಷಕ್ಕೆ ಪಾರ್ಕಿನ್ಸನ್ಸ್, ಕೈಕಾಲು ನಡುಗೋ ಕಾಯಿಲೆ.

ಅಯ್ಯೋ, ಪಾರ್ಕಿಂಗ್ ಮುಗಿಯೋಕೆ ಎಂಟೇ ನಿಮಿಷ. ಎರಡು ಸಲ ದುಡ್ಡು ತಿಂದರೂ ಟೈಮು ಕೊಟ್ಟಿರೋದು ಒಂದೇ ಸಲದ್ದು ನೋಡಿ. ಬನ್ನಿ, ಓಡೋಣ.